ಕರೆ ಬಂದವರು

ಕನ್ನಡದ ‘ಕರೆ’ಗೆ ಕೈತುಂಬ ಕೆಲಸ. ಸಂಘಟನೆಗಳು ಬಂದ್‌ಗೆ ಕರೆ ಕೊಡುತ್ತವೆ, ಬ್ಯಾಂಕಿನ ಹೆಸರಿನಲ್ಲಿ ಮೋಸದ ಕರೆ ಬರುತ್ತದೆ, ಮದುವೆ ಮನೆಯವರು ಅಕ್ಷತೆ ಹಿಡಿದು ಕರೆಯಲು ಬರುತ್ತಾರೆ. ಕರಾವಳಿಯ ಕಂಬಳದಲ್ಲಿ ಕೋಣಗಳು ಓಡುವುದೂ ಕರೆಯಲ್ಲೇ. ಹಾಲು ಕರೆಯುವ ಕರೆ, ಬಟ್ಟೆಗೆ ಹಿಡಿಯುವ ಕರೆ ಇವೆರಡೂ ಬೇರೆ ಮನೆತನದವು. ಹಳಗನ್ನಡದಲ್ಲಿ ಅವಕ್ಕೆ ಶಕಟರೇಫವಿತ್ತು. ಆ ಅಕ್ಷರ ಬಿದ್ದುಹೋದ ಮೇಲೆ ಕೂಗುವ ಕರೆಯ ಜೊತೆ ಬೆರೆತುಹೋದವು.

ಕ್ರೈಸ್ತರ ಮನೆಗಳಲ್ಲಿ ಈ ಪದಕ್ಕೆ ಇನ್ನೊಂದು ಕೆಲಸವಿದೆ. ‘ಅವನಿಗೆ ಕರೆ ಬಂದಿದೆ’ ಎಂದರೆ ಹುಡುಗ ಸೆಮಿನರಿಗೆ ಹೊರಟ ಎಂದೇ ಅರ್ಥ. ಹುಡುಗಿಗೆ ಬಂದರೆ ಕಾನ್ವೆಂಟ್. ಕಥೋಲಿಕರಲ್ಲಿ ದೈವಕರೆಗಾಗಿ ಪ್ರಾರ್ಥಿಸಲೆಂದೇ ವರ್ಷಕ್ಕೊಂದು ಭಾನುವಾರವಿದೆ. 1964ರಲ್ಲಿ ಪೋಪ್ ಆರನೇ ಪೌಲರು ಶುರುಮಾಡಿದ್ದು. ಹೀಗೆ ಕರೆ ಎಂಬುದು ಊರಿಗೊಬ್ಬರಿಗೋ ಇಬ್ಬರಿಗೋ ಬರುವ ಅಪರೂಪದ ಸಂಗತಿಯಾಗಿಬಿಟ್ಟಿದೆ. ಹೊಸ ಒಡಂಬಡಿಕೆಯ ಪತ್ರಗಳನ್ನು ತೆರೆದರೆ ಲೆಕ್ಕ ತಿರುಗುಮುರುಗು. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಸಾಲಿನಲ್ಲಿ ಪೌಲ ತನ್ನನ್ನು ಕರೆಯಲ್ಪಟ್ಟ ಅಪೊಸ್ತಲನೆಂದು ಹೇಳಿಕೊಳ್ಳುತ್ತಾನೆ, ಸರಿ. ಏಳನೆಯ ವಚನಕ್ಕೆ ಬರುವಷ್ಟರಲ್ಲಿ ಪತ್ರ ಕೇಳುತ್ತ ಕೂತವರೆಲ್ಲರಿಗೂ ಅದೇ ಪದ. ಅವರಲ್ಲಿ ಯಾರೂ ಪಾದ್ರಿಗಳಲ್ಲ. ಆಗ ಪಾದ್ರಿಗಳೇ ಇರಲಿಲ್ಲ.

ಆ ಗ್ರೀಕ್ ಪದದ ಮೂಲ ‘ಕಲೇಓ’. ಅದು ನಮ್ಮ ಕರೆಯಷ್ಟೇ ಬಳಸಿ ಸವೆದ, ಮನೆಮಾತಿನ ಕ್ರಿಯಾಪದ. ಕೂಗುವುದಕ್ಕೂ ಅದೇ, ಹೆಸರಿಡುವುದಕ್ಕೂ ಅದೇ, ಊಟಕ್ಕೆ ಆಹ್ವಾನಿಸುವುದಕ್ಕೂ ಅದೇ. ಕನ್ನಡಕ್ಕೂ ಈ ಮೂರು ಅರ್ಥ ಇರುವುದರಿಂದ ಮೂಲದ ಸುಖ ನಮಗೂ ಕೆಲವು ಕಡೆ ಸಿಗುತ್ತದೆ. ಉದಾಹರಣೆಗೆ ಹೋಶೇಯ ಪ್ರವಾದಿಯ ಮಗುವಿನ ಹೆಸರು. ‘ನನ್ನ ಜನರಲ್ಲ’ ಎಂಬ ಅರ್ಥದ ಹೆಸರನ್ನು ಆ ಮಗುವಿಗೆ ಇಡಿಸಿದ ದೇವರು, ಅದೇ ಜನರನ್ನು ಮುಂದೆ ತನ್ನವರೆಂದು ಕರೆಯುತ್ತೇನೆ ಎನ್ನುತ್ತಾನೆ. ಯೆಹೂದ್ಯರಲ್ಲದವರನ್ನು ಸಭೆಗೆ ಸೇರಿಸಿಕೊಂಡದ್ದು ಸರಿಯೆಂದು ವಾದಿಸುವಾಗ ಪೌಲ ಇದನ್ನೇ ಹಿಡಿದುಕೊಳ್ಳುತ್ತಾನೆ. ಹೆಸರು ಬದಲಿಸುವುದೂ ಬಾ ಎನ್ನುವುದೂ ಅಲ್ಲಿ ಒಂದೇ ಕ್ರಿಯೆ.

ಇದೇ ಧಾತುವಿನ ಬಳಗದ್ದು ‘ಎಕ್ಲೇಸಿಯ’, ಕನ್ನಡ ಬೈಬಲಿನಲ್ಲಿ ‘ಸಭೆ’. ಪ್ರಸಂಗಪೀಠದಲ್ಲಿ ಇದನ್ನು ಬಿಡಿಸಿ ಹೇಳುವುದು ಬಹಳ ಇಷ್ಟದ ಕಸರತ್ತು: ‘ಎಕ್’ ಎಂದರೆ ಹೊರಗೆ, ‘ಕಲೇಓ’ ಎಂದರೆ ಕರೆ, ಆದ್ದರಿಂದ ಸಭೆಯೆಂದರೆ ಲೋಕದಿಂದ ಹೊರಗೆ ಕರೆಯಲ್ಪಟ್ಟವರು. ಕೇಳಲು ಚೆನ್ನಾಗಿದೆ, ಆದರೆ ಪದದ ಬಳಕೆ ಬೇರೆಯೇ ಹೇಳುತ್ತದೆ. ಆಥೆನ್ಸಿನ ಪ್ನೀಕ್ಸ್ ಗುಡ್ಡದ ಮೇಲೆ ಕೈಯೆತ್ತಿ ಮತ ಹಾಕುತ್ತಿದ್ದ ನಾಗರಿಕರ ಕೂಟಕ್ಕೂ ಇದೇ ಹೆಸರು. ಎಫೆಸದಲ್ಲಿ ಅರ್ತೆಮೀ ದೇವಿಯ ಬೆಳ್ಳಿ ಗುಡಿಗಳನ್ನು ಮಾಡಿ ಮಾರುತ್ತಿದ್ದ ದೇಮೇತ್ರಿಯನೆಂಬ ಅಕ್ಕಸಾಲಿಗ, ಪೌಲನಿಂದ ವ್ಯಾಪಾರ ಕೆಡುತ್ತಿದೆಯೆಂದು ಜನರನ್ನು ಎಬ್ಬಿಸುತ್ತಾನಲ್ಲ, ಆಗ ನಾಟಕಶಾಲೆಗೆ ನುಗ್ಗಿ, ತಾವೇಕೆ ಕೂಡಿದ್ದೇವೆಂದು ಬಹುಪಾಲು ಜನರಿಗೇ ತಿಳಿಯದೆ ಕಿರುಚಾಡಿದ ಗುಂಪನ್ನೂ ‘ಅಪೊಸ್ತಲರ ಕೃತ್ಯಗಳು’ ಎಕ್ಲೇಸಿಯ ಎಂದೇ ಹೇಳುತ್ತದೆ. ಅವರನ್ನು ಯಾವ ಲೋಕದಿಂದಲೂ ಯಾರೂ ಹೊರಗೆ ಕರೆದಿರಲಿಲ್ಲ. ಪದದ ಹುಟ್ಟನ್ನು ಕೆದಕಿ ಅರ್ಥ ಹೊರಡಿಸುವ ಈ ಚಾಳಿಯನ್ನು ಜೇಮ್ಸ್ ಬಾರ್ ಎಂಬ ವಿದ್ವಾಂಸರು 1961ರ ಪುಸ್ತಕವೊಂದರಲ್ಲಿ ಸರಿಯಾಗಿಯೇ ಝಾಡಿಸಿದ್ದಾರೆ. ಪ್ರಸಂಗಗಳಿಗೆ ಅದರ ಬಿಸಿ ಇನ್ನೂ ತಟ್ಟಿದಂತಿಲ್ಲ.

ಹೊರಗೆ ಕರೆಯುವ ಕಥೆಗಳು ಇಲ್ಲವೆಂದಲ್ಲ. ಜೆಬೆದಾಯನ ಮಕ್ಕಳು ಕರೆ ಕೇಳಿ ತಂದೆಯನ್ನೂ ಕೂಲಿಯಾಳುಗಳನ್ನೂ ದೋಣಿಯಲ್ಲೇ ಬಿಟ್ಟು ಎದ್ದುಹೋದರು. ಆದರೆ ಪೌಲನ ಊರುಗಳಲ್ಲಿ ಹೆಚ್ಚಿನವರು ಎಲ್ಲಿಗೂ ಹೋಗಲಿಲ್ಲ. ಪೌಲನೇ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿಯುತ್ತಿದ್ದ. ಆ ಊರಿನವರಿಗೇ ಬರೆದ ಪತ್ರದಲ್ಲಿ, ಪ್ರತಿಯೊಬ್ಬನೂ ಯಾವ ಕರೆಯಲ್ಲಿ ಕರೆಯಲ್ಪಟ್ಟನೋ ಅದರಲ್ಲೇ ಇರಲಿ ಎಂಬ ಸಲಹೆಯಿದೆ. ಅಲ್ಲಿನ ‘ಕ್ಲೇಸಿಸ್’ ಎಂಬ ನಾಮಪದ ಎಷ್ಟು ತಲೆಮಾರುಗಳನ್ನು ಕುಣಿಸಿತೋ! ಮಧ್ಯಯುಗದ ಯುರೋಪಿನಲ್ಲಿ ಕರೆಯೆಂದರೆ ಬಹುಮಟ್ಟಿಗೆ ಮಠದ ಬದುಕು. ಅದನ್ನು ಮುರಿದು ಚಮ್ಮಾರನ ಕೆಲಸವೂ ಅಡುಗೆಯವಳ ಕೆಲಸವೂ ಕರೆಯೇ ಎಂದವನು ಮತಸುಧಾರಕ ಲೂಥರ್. ಜರ್ಮನ್ನಿನ ‘ಬೆರೂಫ್’ ಪದಕ್ಕೆ ಇಂದಿನ ಉದ್ಯೋಗದ ಅರ್ಥ ಮೊದಲು ಅಂಟಿಕೊಂಡದ್ದು ಅವನ ಬೈಬಲಿನಲ್ಲಿ, ಸೀರಾಖನ ಗ್ರಂಥವನ್ನು ಅನುವಾದಿಸುವಾಗ ಎಂದು ಸಮಾಜಶಾಸ್ತ್ರಜ್ಞ ಮಾಕ್ಸ್ ವೇಬರ್ 1904–05ರ ತನ್ನ ಪ್ರಸಿದ್ಧ ಬರಹದಲ್ಲಿ ಗುರುತಿಸಿದ. ನಮ್ಮಲ್ಲಿ ಈ ಮಾತು ಬಂದ ಕೂಡಲೇ ಕಾಯಕವನ್ನು ಪಕ್ಕಕ್ಕೆ ತಂದು ನಿಲ್ಲಿಸುವವರಿದ್ದಾರೆ. ನನಗದು ಅವಸರವೆನಿಸುತ್ತದೆ. ಬೆರೂಫ್‌ನಲ್ಲಿ ಆಚೆಯಿಂದ ಕೂಗುವವನೊಬ್ಬ ಇರಲೇಬೇಕು. ಕಾಯಕದಲ್ಲಿ ಮಾಡುವವನ ಕೈಯೇ ಸಾಕು.

ಪೌಲನ ವಾಕ್ಯದಲ್ಲಿರುವ ಕರೆ ಉದ್ಯೋಗವಲ್ಲ ಎಂದೇ ನನ್ನ ಓದು. ಅವನು ಹೇಳುತ್ತಿರುವುದು ಕರೆ ಬಂದ ಗಳಿಗೆಯಲ್ಲಿ ನೀನು ಏನಾಗಿದ್ದೆ ಎಂಬುದನ್ನು: ಸುನ್ನತಿಯಾದವನೋ ಆಗದವನೋ, ದಾಸನೋ ಸ್ವತಂತ್ರನೋ. ದಾಸನ ಮಾತು ಬಂದಾಗ ಮಾತ್ರ ವಾಕ್ಯ ತಡವರಿಸುತ್ತದೆ. ಬಿಡುಗಡೆ ಸಿಗುವಂತಿದ್ದರೆ ‘ಅದನ್ನು’ ಬಳಸಿಕೋ ಎನ್ನುವಲ್ಲಿ, ‘ಅದು’ ಯಾವುದೆಂದು ಗ್ರೀಕ್ ಮೂಲ ಹೇಳುವುದೇ ಇಲ್ಲ. ಬಿಡುಗಡೆಯನ್ನೋ, ದಾಸ್ಯವನ್ನೋ? ನಾಲ್ಕನೆಯ ಶತಮಾನದ ಯೋಹಾನ ಕ್ರಿಸೊಸ್ತೊಮ್, ದಾಸನಾಗಿಯೇ ಇರು ಎಂದು ಓದಿದ. ಈಗಿನ ಅನುವಾದಗಳಲ್ಲಿ ಬಹಳಷ್ಟು ಬಿಡುಗಡೆಯ ಕಡೆ ವಾಲುತ್ತವೆ. ಇಪ್ಪತ್ತು ವಚನ ಮುಂದೆ ಹೋಗಿ ಹುಡುಕಿದರೂ ಪೌಲ ಬಿಡಿಸಿ ಹೇಳುವುದಿಲ್ಲ. ಇದ್ದಲ್ಲೇ ಇರು ಎಂಬ ಮಾತು ಇದ್ದವರ ಬಾಯಲ್ಲಿ ಏನಾಗುತ್ತದೆಂಬುದು ಜಾತಿಯ ನಾಡಿನ ಓದುಗರಿಗೆ ಯಾರೂ ವಿವರಿಸಬೇಕಿಲ್ಲ.

ಇಷ್ಟೆಲ್ಲ ಗದ್ದಲದಲ್ಲಿ ಆ ಪದದ ಮೂರನೆಯ ಅರ್ಥ, ಊಟಕ್ಕೆ ಕರೆಯುವ ಅರ್ಥ, ಮೂಲೆಗೆ ಸರಿದುಹೋಯಿತು. ನನಗೆ ಎಲ್ಲಕ್ಕಿಂತ ರುಚಿ ಅದೇ. ಕರೆಯಲ್ಪಟ್ಟವರು ಬಹಳ, ಆಯ್ಕೆಯಾದವರು ಕಡಿಮೆ ಎಂಬರ್ಥದ ಮಾತನ್ನು ಈಗ ಪ್ರವೇಶ ಪರೀಕ್ಷೆಯ ಫಲಿತಾಂಶಕ್ಕೂ ಹಚ್ಚುತ್ತಾರೆ. ಮತ್ತಾಯನಲ್ಲಿ ಅದು ಬರುವುದು ಮದುವೆಯೂಟದ ಕಥೆಯ ಕೊನೆಗೆ, ಅಲ್ಲಿ ಕರೆಯಲ್ಪಟ್ಟವರೆಂದರೆ ಊಟದ ಅತಿಥಿಗಳು. ಕೊರಿಂಥದವರಿಗೆ ಬರೆದ ಪತ್ರದಲ್ಲೂ, ನಂಬಿಕೆಯಿಲ್ಲದ ನೆರೆಯವನು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ ಎನ್ನುವಾಗ ಪೌಲ ಬಳಸುವುದು ಈ ಕಲೇಓವನ್ನೇ.

ಅದಾಗಿ ಒಂದೇ ಅಧ್ಯಾಯಕ್ಕೆ ಊಟದ ಜಗಳ. ಸಭೆ ಕೂಡುತ್ತಿದ್ದದ್ದು ಯಾರದೋ ಮನೆಯಲ್ಲಿ. ಗುಡಿ, ಗೋಪುರ ಏನೂ ಇರಲಿಲ್ಲ. ಅನುಕೂಲಸ್ಥರು ಮೊದಲೇ ಬಂದು, ತಂದದ್ದನ್ನು ತಾವೇ ಉಂಡು, ಕುಡಿದು ಅಮಲೇರಿಸಿಕೊಂಡಿರುತ್ತಿದ್ದರು. ಇಲ್ಲದವರು ಹಸಿದೇ ಕೂರುತ್ತಿದ್ದರು. ಗೆರ್ಡ್ ಟೈಸನ್ ಎಂಬ ಜರ್ಮನ್ ವಿದ್ವಾಂಸರು ಇದನ್ನು ದೇವತಾಶಾಸ್ತ್ರದ ತಕರಾರೆಂದು ಓದದೆ ಉಳ್ಳವರ ಮತ್ತು ಇಲ್ಲದವರ ನಡುವಿನದೆಂದು ಓದಿದರು, ಅದೇ ಸರಿ. ಪತ್ರದ ಆರಂಭದಲ್ಲೇ ಪೌಲ, ನಿಮಗೆ ಬಂದ ಕರೆಯನ್ನೇ ನೋಡಿಕೊಳ್ಳಿ, ನಿಮ್ಮಲ್ಲಿ ಜ್ಞಾನಿಗಳು ಎಷ್ಟು ಜನ, ದೊಡ್ಡ ಕುಲದವರು ಎಷ್ಟು ಜನ ಎಂದು ಚುಚ್ಚಿದ್ದ. ದೊಡ್ಡ ಕುಲದವರು ಹೆಚ್ಚಿಲ್ಲ ಎಂದನೇ ಹೊರತು ಇಲ್ಲವೇ ಇಲ್ಲ ಎನ್ನಲಿಲ್ಲ. ಆ ಕೆಲವರೇ ಊಟದ ಮನೆಯ ಯಜಮಾನರು.

ಅವನು ಕೊಟ್ಟ ಪರಿಹಾರ ಸಣ್ಣದು: ಒಬ್ಬರಿಗೊಬ್ಬರು ಕಾಯಿರಿ, ಹಸಿವು ತಡೆಯದಿದ್ದರೆ ಮನೆಯಲ್ಲೇ ಉಂಡು ಬನ್ನಿ. ಎರಡನೆಯ ಅರ್ಧ ಮನೆಯಲ್ಲಿ ಅನ್ನವಿದ್ದವರಿಗೆ ಹೇಳಿದ್ದು. ಒಡೆಯನ ಕೆಲಸ ಮುಗಿಸಿ ಕತ್ತಲಾದ ಮೇಲೆ ಬರುವ ಆಳಿಗೆ ಅದರಿಂದ ಏನೂ ಗಿಟ್ಟುವುದಿಲ್ಲ. ಉಳಿದ ಸಂಗತಿಗಳನ್ನು ತಾನು ಬಂದಾಗ ಸರಿಮಾಡುವೆನೆಂದು ಬರೆದು ಪೌಲ ಆ ವಿಷಯ ಬಿಟ್ಟು ಮುಂದಕ್ಕೆ ಹೋಗುತ್ತಾನೆ.