ಕೀಲೆಣ್ಣೆಯಿಂದ ರಬ್ಬರ್ ಬುಶ್‌ವರೆಗೆ: ಸೇಡಂ ರಸ್ತೆಯ ಒಂದು ಕಸುಬು

ಕಲಬುರಗಿಯಿಂದ ಹೊರಡುವ ಸೇಡಂ ರಸ್ತೆ ವಿಶ್ವವಿದ್ಯಾಲಯ ಮತ್ತು ವಿಮಾನ ನಿಲ್ದಾಣ ದಾಟಿ, ಕಾಗಿಣಾ ನದಿ ದಂಡೆಯ ಮಳಖೇಡದ ಮೇಲೆ ಹಾದು ಸೇಡಂ ಸೇರುತ್ತದೆ. ಮೊದಲರ್ಧ ಎರೆಭೂಮಿ, ಮಳಖೇಡ ಹತ್ತಿರವಾದಂತೆ ಸುಣ್ಣಕಲ್ಲಿನ ಸೀಮೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ವರ್ಷ ಕಳೆಯುವುದರೊಳಗೆ ಅಲೆಯಾಗಿ ಏಳುತ್ತದೆ. ಈ ಭಾಗದ ಪಿಕಪ್ ಗಾಡಿಗಳ ಮುಂಭಾಗದ ಬುಶ್ಶು, ಮೌಂಟಿಂಗ್‌ಗಳು ಬೇಗ ಸವೆಯಲು ಮಣ್ಣು ಮೊದಲ ಕಾರಣ, ಹೇರು ಎರಡನೆಯದು. ಗಾಡಿಯ ಗುಣಮಟ್ಟದ ಮಾತು ಅದರ ನಂತರ ಬರಬೇಕಾದದ್ದು.

ಅಲುಗಾಡುವ ಎರಡು ಲೋಹದ ಭಾಗಗಳ ನಡುವೆ ಕೂತು, ತಾನು ಸವೆದು ಅವನ್ನು ಉಳಿಸುವ ಬಳೆಯೇ ಬುಶ್. ಮೋಟಾರು ಬರುವ ಮೊದಲೇ ಅದು ಇಲ್ಲಿತ್ತು. ಎತ್ತಿನ ಬಂಡಿಯ ಗುಂಬದೊಳಗೆ ಕಮ್ಮಾರ ಕೂರಿಸುತ್ತಿದ್ದ ಕಬ್ಬಿಣದ ಬಳೆ ಅಚ್ಚಿನ ಮೇಲೆ ತಿರುಗಿ ತಿರುಗಿ ಹಿಗ್ಗುತ್ತಿತ್ತು. ಗಾಲಿ ಓಲಾಡತೊಡಗಿದಾಗ ಬಡಿಗ ಗುಂಬ ಬಿಚ್ಚುತ್ತಿದ್ದ, ಕಮ್ಮಾರ ಬೇರೆ ಬಳೆ ಹೊಡೆಯುತ್ತಿದ್ದ. ಅಲ್ಲಿಯವರೆಗೆ ಕಾಲ ತಳ್ಳಲು ಕೀಲೆಣ್ಣೆ: ಹುಲ್ಲು ಸುಟ್ಟ ಕರಿಯನ್ನು ಔಡಲೆಣ್ಣೆಯಲ್ಲಿ ಕಲಸಿ, ಬಂಡಿಯ ಅಡಿಗೆ ತೂಗುಬಿಟ್ಟ ಬಿದಿರಿನ ಗೊಟ್ಟದಲ್ಲಿ ಒಯ್ಯುತ್ತಿದ್ದರು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಸೇಡಂ ಮಾರ್ಗವಾಗಿ ಓಡತೊಡಗಿದ ಮೇಲೆ ದೂರದ ಸರಕು ರೈಲಿಗೆ ಹೋಯಿತು. ಹೊಲದಿಂದ, ಕಲ್ಲಿನ ಕಣಿಯಿಂದ ಸ್ಟೇಷನ್‌ವರೆಗಿನ ದಾರಿ ಬಂಡಿಗೇ ಉಳಿಯಿತು.

ಹೈದರಾಬಾದ್ ಸಂಸ್ಥಾನದ ರೈಲ್ವೆ ಇಲಾಖೆ 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಬಸ್ಸಿಗೂ ಲಾರಿಗೂ ಆಗ ಮುಂದೆ ಹಿಂದೆ ಎರಡೂ ಕಡೆ ಕಮಾನ್ ಪಾಟಾ (ಲೀಫ್ ಸ್ಪ್ರಿಂಗ್). ಪಾಟಾದ ತುದಿಯ ಕಣ್ಣಿನಲ್ಲಿ ಹಿತ್ತಾಳೆ ಅಥವಾ ಕಂಚಿನ ಬುಶ್, ಅದರೊಳಗೆ ಪಿನ್, ಪಿನ್ನಿಗೆ ಗ್ರೀಸ್ ನಿಪ್ಪಲ್. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಜೋಡಿಸಲಾರಂಭಿಸಿದ ವಿಲ್ಲೀಸ್ ಜೀಪಿನ ಶಾಕಲ್‌ಗಳಲ್ಲಿ (ಪಾಟಾದ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ತಿರುಪಿನ ಮರೆಯುಳ್ಳ ಬುಶ್ಶುಗಳಿದ್ದವು. ಎಡಮರೆ, ಬಲಮರೆ ಎರಡೂ ಬಗೆ ಇದ್ದುದರಿಂದ ಯಾವುದು ಎಲ್ಲಿಯದೆಂದು ತಿಳಿಯದವ ಕೈಹಾಕಿದರೆ ಮರೆ ಹರಿಯುತ್ತಿತ್ತು. 1954ರಿಂದ ಜಮ್ಶೆಡ್‌ಪುರದ ಟಾಟಾ-ಮರ್ಸಿಡಿಸ್ ಲಾರಿಗಳು ಬಂದವು. ಸವೆದ ಬುಶ್ ಹೊಡೆದು ತೆಗೆದು, ಹಿತ್ತಾಳೆ ಸರಳನ್ನು ಲೇತಿಗೆ ಕಟ್ಟಿ, ಪಿನ್ನಿಗೆ ಒಪ್ಪುವ ಅಳತೆಗೆ ಕಡೆದು ಕೂರಿಸುವುದು ಆ ಕಾಲದ ಮಿಸ್ತ್ರಿಯ ಕೆಲಸ. ಕೆಲಸವೆಂದರೆ ಬದಲಿಸುವುದಲ್ಲ, ಮಾಡುವುದಾಗಿತ್ತು.

ಈ ರಸ್ತೆಯ ಹೇರನ್ನು ಬದಲಿಸಿದ್ದು ಸಿಮೆಂಟು. ಶಹಾಬಾದ್ ಮತ್ತು ವಾಡಿಯ ಕಾರ್ಖಾನೆಗಳು ಮೊದಲೇ ಇದ್ದವು. 1980ರ ದಶಕದಲ್ಲಿ ಮಳಖೇಡದ ರಾಜಶ್ರೀ ಮತ್ತು ಸೇಡಮಿನ ವಾಸವದತ್ತಾ ಸೇರಿಕೊಂಡವು. ಭಾರಿ ಲಾರಿಗಳು ರಸ್ತೆಯನ್ನು ತುಳಿದವು, ಆ ತುಳಿತದ ಗುಂಡಿಗಳಲ್ಲಿ ಚಿಕ್ಕ ಗಾಡಿಗಳು ಓಡಬೇಕಾಯಿತು. ಅದೇ ದಶಕದಲ್ಲಿ ಟಾಟಾ 407 (1986) ಮತ್ತು ಟಾಟಾ ಮೊಬೈಲ್ 206 ಪಿಕಪ್ (1988) ಮಾರುಕಟ್ಟೆಗೆ ಬಂದವು. 2005ರಲ್ಲಿ ಟಾಟಾ ಏಸ್, ಅದರ ಅಕ್ಕಪಕ್ಕದಲ್ಲಿ ಬೊಲೆರೊ ಪಿಕಪ್. ದಾಲ್ ಮಿಲ್ಲಿಗೆ ತೊಗರಿ, ಕಟ್ಟಡಕ್ಕೆ ಶಹಾಬಾದ್ ಫರಸಿ, ಅತ್ತ ಹುಮನಾಬಾದ್ ರಸ್ತೆಯಿಂದ ಕಮಲಾಪುರದ ಕೆಂಪು ಬಾಳೆ, ಎಲ್ಲಕ್ಕೂ ಪಿಕಪ್ಪೇ ಬೇಕಾಯಿತು. ಕಾಗದದ ಮೇಲಿನ ಭಾರಮಿತಿ ಹೆಚ್ಚಾಗಿ ಕಾಗದದ ಮೇಲೆಯೇ ಉಳಿಯುತ್ತದೆ.

ಹಿತ್ತಾಳೆಯ ಜಾಗಕ್ಕೆ ರಬ್ಬರ್ ಬಂದದ್ದು ಈ ಗಾಡಿಗಳ ಜೊತೆಗೆ. ಹೊರಜಗತ್ತಿನಲ್ಲಿ ಅದು ಹೊಸದೇನಲ್ಲ. ಅಮೆರಿಕದ ಕ್ರೈಸ್ಲರ್ 1931ರಲ್ಲೇ ಪ್ಲಿಮತ್ ಕಾರಿನ ಇಂಜಿನ್ನನ್ನು ರಬ್ಬರ್ ಮೌಂಟಿಂಗ್ ಮೇಲೆ ಕೂರಿಸಿತ್ತು. ರಬ್ಬರ್ ಬುಶ್ಶಿನ ತತ್ವವೇ ಬೇರೆ. ಒಳಗೊಂದು, ಹೊರಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ಗಾಲಿಯನ್ನು ಚಾಸಿಗೆ ಜೋಡಿಸುವ ಆರ್ಮ್ ಮೇಲೆ ಕೆಳಗೆ ಆಡುವಾಗ ಯಾವುದೂ ಜಾರುವುದಿಲ್ಲ; ರಬ್ಬರ್ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಎಣ್ಣೆ ಬೇಡ. ಹಿತ್ತಾಳೆಯ ಕಾಲದ ಕೈಗೆ ಇದು ಒಗ್ಗುವುದು ಕಷ್ಟ. ಕಿರಕಿರ ಸದ್ದು ಬಂದ ಕೂಡಲೇ ಗ್ರೀಸ್ ಮೆತ್ತಿದರೆ ಖನಿಜ ಎಣ್ಣೆಗೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಬಂಡಿಯ ಔಡಲೆಣ್ಣೆಯಾದರೂ ನೈಸರ್ಗಿಕ ರಬ್ಬರಿಗೆ ಅಷ್ಟು ಕೆಡುಕು ಮಾಡುತ್ತಿರಲಿಲ್ಲ. 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಂತೂ ರಬ್ಬರನ್ನು ಗಡುಸಾಗಿಸಿ ಸೀಳುತ್ತದೆ.

ಸವೆತದ ಗುರುತು ಕಿವಿಗೆ ಮೊದಲು ಸಿಗುತ್ತದೆ: ಗುಂಡಿಗೆ ಇಳಿದಾಗ ಮುಂದೆ ಟಕ್ ಎಂಬ ಸದ್ದು; ಆಮೇಲೆ ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆತ, ಟೈರಿನ ಒಂದೇ ಅಂಚು ತೇಯುವುದು. ಜಾಕ್ ಹಾಕಿ, ಸಬ್ಬಲಿನಿಂದ ಲೋವರ್ ಆರ್ಮ್ ಮೀಟಿದರೆ ರಬ್ಬರ್ ಬಿಟ್ಟಿದೆಯೋ ಇಲ್ಲವೋ ಕಾಣುತ್ತದೆ. ಆರ್ಮ್ ಬಿಚ್ಚಿದ ಮೇಲೆ ತುಕ್ಕು ಹಿಡಿದ ಹಳೆಯ ಬುಶ್ ಸುತ್ತಿಗೆಗೆ ಜಗ್ಗುವುದಿಲ್ಲ. ಪ್ರೆಸ್ ಇದ್ದಲ್ಲಿ ಒತ್ತಿ ತೆಗೆಯುತ್ತಾರೆ, ಇಲ್ಲದಲ್ಲಿ ರಬ್ಬರನ್ನು ಸುಟ್ಟು, ಹೊರಕೊಳವೆಯನ್ನು ಗರಗಸದಿಂದ ಸೀಳಿ ಮಡಚುತ್ತಾರೆ. ಹೊಸದನ್ನು ಹೊರಕೊಳವೆಯ ಅಂಚಿನ ಮೇಲಷ್ಟೇ ಒತ್ತಿ ಸೇರಿಸಬೇಕು. ಆದರೆ ಇಡೀ ಕೆಲಸ ಕೆಡುವುದು ಕೊನೆಯ ಬೋಲ್ಟಿನಲ್ಲಿ. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಗಾಲಿಯ ಮೇಲೆ ಗಾಡಿಯ ಭಾರ ಕೂತ ಮೇಲೆಯೇ ಕೊನೆಯ ಬಿಗಿತ, ಆಮೇಲೆ ಅಲೈನ್‌ಮೆಂಟ್. "ಹೊಸ ಬುಶ್ಶೂ ನಿಲ್ಲಲಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಇತ್ತೀಚೆಗೆ ಪಾಲಿಯುರೆಥೇನ್ ಬುಶ್ಶುಗಳೂ ಸಿಗುತ್ತವೆ; ಬಾಳಿಕೆ ಹೆಚ್ಚು, ಆದರೆ ಗಡುಸಾದ್ದರಿಂದ ರಸ್ತೆಯ ಏಟು ಚಾಸಿಗೆ ನೇರವಾಗಿ ತಾಗುತ್ತದೆ. ಬಾಲ್ ಜಾಯಿಂಟ್ ಸಮೇತ ಇಡೀ ಆರ್ಮನ್ನೇ ಬದಲಿಸುವ ರೂಢಿಯೂ ಬೆಳೆದಿದೆ. ಬಿಡಿಭಾಗದ ಖರ್ಚು ಹೆಚ್ಚಾದರೂ ಗಾಡಿ ನಿಲ್ಲುವ ಹೊತ್ತು ಕಡಿಮೆ, ಬಾಡಿಗೆಗೆ ಓಡುವವನ ಲೆಕ್ಕಕ್ಕೆ ಅದೇ ಸರಿ. ಹಳೆಯ 407ರ ಪಾಟಾದ ಕಣ್ಣೇ ಹಿಗ್ಗಿಹೋಗಿ ಅಂಗಡಿಯ ಬುಶ್ ಸಡಿಲವಾದಾಗ ಮಾತ್ರ ಕೆಲಸ ಮತ್ತೆ ಲೇತಿನವನ ಬಳಿಗೆ ಹೋಗುತ್ತದೆ. ಆತ ಕಣ್ಣಿನ ಅಳತೆ ತೆಗೆದುಕೊಂಡು, ಅದಕ್ಕೆ ತಕ್ಕಂತೆ ದಪ್ಪ ಬುಶ್ ಕಡೆದು ಕೊಡುತ್ತಾನೆ.