ಮಲ್ಲಯ್ಯನ ಹಾದಿ

ನಮ್ಮ ದುಧನಿ, ಅಕ್ಕಲಕೋಟೆ ಕಡೆ ಹೊಲದ ಹಾದಿಗೆ ಎರಡು ಹೆಸರು. ಕನ್ನಡದಲ್ಲಿ ಕಾಲುದಾರಿ, ಮರಾಠಿಯಲ್ಲಿ ಪಾಯವಾಟ. ಎರಡರ ಅರ್ಥವೂ ಒಂದೇ, ಕಾಲು ತುಳಿದು ಮಾಡಿದ ದಾರಿ. ಬೆಟ್ಟ, ಕಾಡು, ನಡುಗಡ್ಡೆಗಳನ್ನು ನಡೆದು ನೋಡುವ ಹವ್ಯಾಸ ಇಂದು ಜಗತ್ತಿನ ಎಲ್ಲೆಡೆ ಹಬ್ಬಿದೆ. ಆ ಹವ್ಯಾಸಕ್ಕೆ ಹೆಸರು ಬರುವ ಎಷ್ಟೋ ಮೊದಲೇ ನಮ್ಮ ಹಿರಿಯರಿಗೆ ಒಂದು ದೂರದ ನಡಿಗೆ ಗೊತ್ತಿತ್ತು. ಅದು ಶ್ರೀಶೈಲದ ನಡಿಗೆ. ಇಂದು ಆ ಹಾದಿಯ ಇತಿಹಾಸವನ್ನು ಸ್ವಲ್ಪ ನೋಡೋಣ.

ಈ ಹಾದಿ ಹಿಡಿದವರಲ್ಲಿ ನಮ್ಮ ಭಾಗಕ್ಕೆ ಎಲ್ಲರಿಗಿಂತ ಹತ್ತಿರದವನು ಒಬ್ಬ ದನಗಾಹಿ ಹುಡುಗ. 12ನೆಯ ಶತಮಾನದ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರದ ಮುದ್ದುಗೌಡ, ಸುಗ್ಗವ್ವೆಯರ ಮಗ ಸಿದ್ಧರಾಮ. ಮುಂದಿನ ಶತಮಾನದಲ್ಲಿ ರಾಘವಾಂಕ ಕವಿ ಬರೆದ 'ಸಿದ್ಧರಾಮ ಚಾರಿತ್ರ'ದಲ್ಲಿ ಈ ಕಥೆ ಇದೆ. ಹೊಲದಲ್ಲಿದ್ದ ಹುಡುಗನ ಬಳಿಗೆ ಒಬ್ಬ ಜಂಗಮ ಬಂದ. ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದ. ಹಸಿವು ಎಂದ. ಹುಡುಗ ಮನೆಗೆ ಓಡಿ ಬುತ್ತಿ ತರುವಷ್ಟರಲ್ಲಿ ಜಂಗಮ ಅಲ್ಲಿರಲಿಲ್ಲ. ಮಲ್ಲಯ್ಯಾ, ಮಲ್ಲಯ್ಯಾ ಎಂದು ಕೂಗುತ್ತ, ಅಳುತ್ತ ಹೊರಟ ಹುಡುಗ ದಾರಿಯಲ್ಲಿ ಸಿಕ್ಕ ಶ್ರೀಶೈಲದ ಯಾತ್ರಿಕರ ಗುಂಪನ್ನು ಸೇರಿಕೊಂಡ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಥೆಯ ಪವಾಡವನ್ನು ಅವರವರ ನಂಬಿಕೆಗೆ ಬಿಡೋಣ. ಆದರೆ ಹುಡುಗನಿಗೆ ದಾರಿಯಲ್ಲಿ ಯಾತ್ರಿಕರ ಗುಂಪು ಸಿಗುವುದು ಕವಿಗೆ ಸಹಜವಾಗಿ ಕಂಡಿದೆ. ಅಂದರೆ ರಾಘವಾಂಕನ ಕಾಲಕ್ಕಾಗಲೇ ನಮ್ಮ ಸೀಮೆಯಿಂದ ಶ್ರೀಶೈಲಕ್ಕೆ ಗುಂಪುಗಟ್ಟಿ ನಡೆಯುವುದು ರೂಢಿಯಲ್ಲಿತ್ತು.

ಆ ದಾರಿ ಸಣ್ಣದಲ್ಲ. ಇಂದಿನ ರಸ್ತೆಯ ಲೆಕ್ಕದಲ್ಲಿ ಸೊಲ್ಲಾಪುರದಿಂದ ಕಲಬುರಗಿ, ರಾಯಚೂರು, ಕರ್ನೂಲು ಮೇಲೆ ಹೋದರೆ 400 ಕಿಲೋಮೀಟರಿಗೂ ಹೆಚ್ಚು. ನಡುವೆ ಭೀಮೆ, ಕೃಷ್ಣೆ, ತುಂಗಭದ್ರೆಯರನ್ನು ದಾಟಬೇಕು. ಆತ್ಮಕೂರು ದಾಟಿದ ಮೇಲೆ ನಲ್ಲಮಲ ಕಾಡು. ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು, ಕೈಲಾಸದ್ವಾರ, ಹೀಗೆ ಒಂದಾದ ಮೇಲೊಂದು ತಂಗುದಾಣ. ನಾಗಲೂಟಿಯಲ್ಲಿ ವೀರಭದ್ರನ ಹಳೆಯ ಗುಡಿ. ಪೆದ್ದಚೆರುವು ಎಂದರೆ ದೊಡ್ಡ ಕೆರೆ, ದಣಿದವರಿಗೆ ನೀರಿನ ಆಸರೆ. ಭೀಮುನಿಕೊಲನಿನ ಕಣಿವೆ ಇಳಿದು ಮತ್ತೆ ಏರುವಾಗ ಎಂಥ ಗಟ್ಟಿಗನಿಗೂ ಉಸಿರು ಹತ್ತುತ್ತದೆ. ಹಾಗಾಗಿಯೇ ಅರಸರು ಇಲ್ಲಿ ಕಲ್ಲಿನ ಮೆಟ್ಟಿಲು ಕಟ್ಟಿಸುವುದನ್ನು ಪುಣ್ಯವೆಂದು ತಿಳಿದರು. 14ನೆಯ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮ ಬೆಟ್ಟಕ್ಕೆ ಮೆಟ್ಟಿಲು ಕಟ್ಟಿಸಿದ. ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯುವ ಮೆಟ್ಟಿಲುಗಳನ್ನು ಮಾಡಿಸಿದಳು. 1677ರಲ್ಲಿ ದಕ್ಷಿಣ ದಿಗ್ವಿಜಯಕ್ಕೆ ಹೊರಟ ಛತ್ರಪತಿ ಶಿವಾಜಿ ಮಹಾರಾಜರೂ ಶ್ರೀಶೈಲದಲ್ಲಿ ತಂಗಿದ್ದರು. ಕನ್ನಡ, ತೆಲುಗು, ಮರಾಠಿ ಮೂರೂ ಆ ಬೆಟ್ಟದ ಮೆಟ್ಟಿಲು ಹತ್ತಿವೆ.

ಮತ್ತೆ ನಮ್ಮ ಹುಡುಗನ ಕಡೆ ಬರೋಣ. ಶ್ರೀಶೈಲದಲ್ಲಿ ಯಾತ್ರಿಕರು ಲಿಂಗವನ್ನು ತೋರಿಸಿದರು. ನನ್ನ ಮಲ್ಲಯ್ಯ ಇವನಲ್ಲ ಎಂದು ಹುಡುಗ ಬೆಟ್ಟವೆಲ್ಲ ಹುಡುಕಿದ. ಕೊನೆಗೆ ಕಮರಿಗೆ ಹಾರಲು ಹೋದಾಗ ಮಲ್ಲಯ್ಯನೇ ಕೈ ಹಿಡಿದನಂತೆ. ಊರಿಗೆ ಮರಳಿ ಸೊನ್ನಲಿಗೆಯನ್ನೇ ಶ್ರೀಶೈಲ ಮಾಡು ಎಂದು ಹೇಳಿ ಕಳಿಸಿದನಂತೆ.

ಸಿದ್ಧರಾಮ ಹಾಗೆಯೇ ಮಾಡಿದ. ಕೆರೆ ಕಟ್ಟಿಸಿದ. ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ ಎಂಬುದು ಪರಂಪರೆಯ ಮಾತು. ಸುತ್ತಲೂ ನೀರಿರುವ ನಡುಗಡ್ಡೆಯಂಥ ಜಾಗದಲ್ಲಿ ಸಿದ್ಧೇಶ್ವರನ ಗುಡಿ ಇಂದಿಗೂ ನಿಂತಿದೆ. ಪ್ರತಿ ವರ್ಷ ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ, ಭೋಗಿಯ ದಿನ, ಏಳು ನಂದಿಧ್ವಜಗಳು ಈ 68 ಲಿಂಗಗಳ ಎಣ್ಣೆಮಜ್ಜನಕ್ಕೆ ಹೊರಡುತ್ತವೆ. ಆ ಎತ್ತರದ ಧ್ವಜಗಳನ್ನು ಹೊರುವ ಮಾನ ಹಲವು ಸಮಾಜಗಳಿಗೆ ಹಂಚಿಕೆಯಾಗಿದೆ. ಮರುದಿನ ಸಮ್ಮತಿಕಟ್ಟೆಯ ಬಳಿ ಅಕ್ಷತೆ. ಮರಾಠಿ ಮಾತಾಡುವ ಶಹರದ ನಡುವೆ ಅಲ್ಲಿನ ಸಮ್ಮತಿಯ ನುಡಿಗಳಲ್ಲಿ ಕನ್ನಡ ಉಳಿದಿದೆ. ಸಾವಿರಾರು ಜನ ಅದನ್ನು ತಮ್ಮದೆಂದೇ ಕೇಳುತ್ತಾರೆ.

ಬಂಧುಗಳೇ, ಸಿದ್ಧರಾಮನ ಕೆಲಸದ ದೊಡ್ಡತನ ಇಲ್ಲಿದೆ ಎಂದು ನನಗೆ ತೋರುತ್ತದೆ. ದೂರದ ಬೆಟ್ಟಕ್ಕೆ ಎಲ್ಲರೂ ನಡೆಯಲಾರರು. ಮುದುಕರಿದ್ದಾರೆ, ಬಾಣಂತಿಯರಿದ್ದಾರೆ, ಸುಗ್ಗಿ ಬಿಟ್ಟು ಹೋಗಲಾಗದ ಕೂಲಿಯವರಿದ್ದಾರೆ. ಅಂಥವರಿಗಾಗಿ ಅವನು ಬೆಟ್ಟದ ಹಾದಿಯನ್ನೇ ಊರಿಗೆ ತಂದ. ನಾನೂರು ಕಿಲೋಮೀಟರಿನ ನಡಿಗೆ ಊರ ಸುತ್ತಿನ ಒಂದು ದಿನದ ನಡಿಗೆಯಾಯಿತು.

ಹಾಗೆಂದು ದೂರದ ಹಾದಿ ಬರಿದಾಗಲಿಲ್ಲ. 1871ರಲ್ಲಿ ರೈಲು ಸೊಲ್ಲಾಪುರದಿಂದ ನಮ್ಮ ದುಧನಿಯ ಮೇಲೆ ಹಾಯ್ದು ರಾಯಚೂರು ಮುಟ್ಟಿತು. ನಡೆಯುವವರು ನಡೆಯುತ್ತಲೇ ಇದ್ದರು. 1956ರಲ್ಲಿ ಭಾಷಾವಾರು ಗಡಿ ಬಂತು, 1960ರಲ್ಲಿ ಮಹಾರಾಷ್ಟ್ರ ರಾಜ್ಯವಾಯಿತು. ಗಡಿಯ ಕಲ್ಲು ಕಾಲುದಾರಿಗೆ ಅಡ್ಡ ಬರಲಿಲ್ಲ. ಇಂದಿಗೂ ಯುಗಾದಿ ಹತ್ತಿರ ಬಂದರೆ ಉತ್ತರ ಕರ್ನಾಟಕದಿಂದಲೂ ಗಡಿ ಭಾಗದಿಂದಲೂ ಜನ ಮಲ್ಲಯ್ಯನ ಕಂಬಿ ಹೊತ್ತು ಹೊರಡುತ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಎಂಬ ಭಾವನೆ ಅವರದು. ಹಬ್ಬಕ್ಕೆ ಮಗಳಿಗೆ ಸೀರೆ ಒಯ್ಯುವವರಿದ್ದಾರೆ. ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ದಾರಿಯ ಊರುಗಳವರು ಪೆಂಡಾಲು ಹಾಕಿ ಊಟ, ನೀರು ಕೊಡುತ್ತಾರೆ. ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ತಿಕ್ಕುತ್ತಾರೆ.

ಕಾಡಿನ ಹಾದಿ ಮಾತ್ರ ಈಗ ಯಾವಾಗಲೂ ತೆರೆದಿರುವುದಿಲ್ಲ. 1983ರಿಂದ ಅದು ಹುಲಿ ರಕ್ಷಿತಾರಣ್ಯ. ಶಿವರಾತ್ರಿ, ಯುಗಾದಿಯ ಸಮಯದಲ್ಲಿ ಅರಣ್ಯ ಇಲಾಖೆ ಅಪ್ಪಣೆ ಕೊಟ್ಟಾಗಲೇ ನಡೆಯಬೇಕು. ಅದು ಸರಿಯೇ. ಕಾಡಿಗೂ ಅಲ್ಲಿನ ಚೆಂಚು ಜನರಿಗೂ ಹುಲಿಗೂ ಆ ನೆಲ ಬೇಕು. ನಡೆಯುವವರು ಪ್ಲಾಸ್ಟಿಕ್ಕು ಚೆಲ್ಲದೆ, ಬೆಂಕಿ ಹಾಕದೆ ಬರುವುದೂ ಯಾತ್ರೆಯ ಒಂದು ನೇಮವಾಗಬೇಕು.

ಆದರೆ ನಮ್ಮ ಕಡೆಯ ಹಾದಿಗೆ ಬೇರೆ ಅಪಾಯವಿದೆ. ಡಾಂಬರು ರಸ್ತೆ ಬಂದ ಮೇಲೆ ಹಳೆಯ ತಂಗುದಾಣಗಳ ಹೆಸರು ಮರೆಯುತ್ತಿವೆ. ಯಾವ ಬಾವಿಯ ಹತ್ತಿರ ಬುತ್ತಿ ಬಿಚ್ಚುತ್ತಿದ್ದರು, ಯಾವ ಮಠದಲ್ಲಿ ರಾತ್ರಿ ಕಳೆಯುತ್ತಿದ್ದರು, ಹೊಳೆ ತುಂಬಿದಾಗ ಎಲ್ಲಿ ಕಾಯುತ್ತಿದ್ದರು, ಇದು ಯಾವ ದಫ್ತರದಲ್ಲೂ ಇಲ್ಲ. ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿದೆ.

ಆದ್ದರಿಂದ ಒಂದು ಕೆಲಸ ಮಾಡಿರಿ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಶ್ರೀಶೈಲಕ್ಕೆ ನಡೆದು ಹೋಗಿ ಬಂದ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಒಂದು ಸಂಜೆ ಕುಳಿತುಕೊಳ್ಳಿರಿ. ಊರು, ಬಾವಿ, ಮಠ, ಹಳ್ಳಗಳ ಹೆಸರನ್ನು ಒಂದೊಂದಾಗಿ ಕೇಳಿರಿ, ಮಕ್ಕಳ ಕೈಲಿ ಬರೆಸಿರಿ. ಕನ್ನಡದಲ್ಲಿ ಬರೆಯಲಿ, ಮರಾಠಿಯಲ್ಲಿ ಬರೆಯಲಿ, ಹಾದಿ ಒಂದೇ. ತುಳಿಯುವ ಕಾಲು, ಹೇಳುವ ಬಾಯಿ ಎರಡೂ ಇದ್ದರೆ ಅದು ಅಳಿಯುವುದಿಲ್ಲ.