ಶಾಲೆ ಮುಚ್ಚುವ ಅಧಿಕಾರ: ಲಂಡನ್ ಉಪನಗರದ ಕಿಡ್‌ಬ್ರೂಕ್ ಶಾಲೆಯ ಚರಿತ್ರೆ

ಆಗ್ನೇಯ ಲಂಡನ್ನಿನ ಕಿಡ್‌ಬ್ರೂಕ್ ಶಾಲೆಯ ಹೆಸರು ಎರಡು ಬೇರೆ ಬೇರೆ ಕಥನಗಳಲ್ಲಿ ಬರುತ್ತದೆ. ಶಿಕ್ಷಣದ ಇತಿಹಾಸಕಾರರಿಗೆ ಅದು 1954ರ ಶಾಲೆ: ಎಲ್ಲ ಮಟ್ಟದ ಮಕ್ಕಳಿಗೂ ಒಂದೇ ಸೂರು ಎಂಬ 'ಕಾಂಪ್ರೆಹೆನ್ಸಿವ್' ತತ್ತ್ವಕ್ಕಾಗಿಯೇ ಲಂಡನ್ ಕೌಂಟಿ ಕೌನ್ಸಿಲ್ ಕಟ್ಟಿಸಿದ ಮೊದಲ ಹೊಸ ಕಟ್ಟಡ. ಟಿವಿ ನೋಡಿದವರಿಗೆ ಅದು 2005ರ ಶಾಲೆ: ಬಾಣಸಿಗ ಜೇಮೀ ಆಲಿವರ್ ಅಡುಗೆಮನೆಗೆ ನುಗ್ಗಿ ಮಕ್ಕಳ ಊಟ ಬದಲಿಸಲು ಹೊರಟ ಜಾಗ. ಈ ಎರಡಕ್ಕೂ ಏನು ಸಂಬಂಧ ಎಂದು ಕೇಳುವವರು ಕಡಿಮೆ. ಮೊದಲನೆಯದನ್ನು ಸಮಾನತೆಯ ವಾದವೆಂದೂ ಎರಡನೆಯದನ್ನು ಆಹಾರದ ವಾದವೆಂದೂ ಬೇರ್ಪಡಿಸಿ ಓದುವುದು ರೂಢಿಯಾಗಿಬಿಟ್ಟಿದೆ. ಎರಡರಲ್ಲೂ ಇರುವುದು ಒಂದೇ ಜಗಳ ಎಂಬುದು ಈ ಲೇಖನದ ವಾದ. ಒಂದು ಸರ್ಕಾರಿ ಪ್ರೌಢಶಾಲೆ ತೆರೆಯಬೇಕೆ, ಮುಚ್ಚಬೇಕೆ, ಅಲ್ಲಿ ಯಾರು ಓದಬೇಕು, ಏನು ಉಣ್ಣಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಜಗಳ ಅದು.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಆರ್. ಎ. ಬಟ್ಲರ್ ತಂದ 1944ರ ಶಿಕ್ಷಣ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪ್ರೌಢ ಶಿಕ್ಷಣವನ್ನು ಎಲ್ಲರಿಗೂ ಉಚಿತಗೊಳಿಸಿತು. ಕಡ್ಡಾಯವಾಗಿ ಶಾಲೆಯಲ್ಲಿರಬೇಕಾದ ವಯಸ್ಸು 1947ರಲ್ಲಿ 15ಕ್ಕೇರಿತು. ಆದರೆ ಎಲ್ಲ ಮಕ್ಕಳೂ ಒಂದೇ ಶಾಲೆಗೆ ಹೋಗಬೇಕೆಂದು ಕಾಯಿದೆ ಹೇಳಲಿಲ್ಲ. 1943ರ ನಾರ್‌ವುಡ್ ವರದಿ ಮಕ್ಕಳನ್ನು ಮೂರು ಬಗೆಯ ಮನಸ್ಸಿನವರೆಂದು ವಿಂಗಡಿಸಿತ್ತು: ವಿದ್ಯೆಯನ್ನು ವಿದ್ಯೆಗಾಗಿಯೇ ಬಯಸುವವರು, ತಂತ್ರವಿದ್ಯೆಯ ಒಲವಿನವರು, ವಿಚಾರಕ್ಕಿಂತ ವಸ್ತುಗಳೊಡನೆ ಸುಲಭವಾಗಿ ಒಡನಾಡುವವರು. ಇದಕ್ಕೆ ಹೊಂದುವಂತೆ ಗ್ರಾಮರ್, ಟೆಕ್ನಿಕಲ್, ಮಾಡರ್ನ್ ಎಂಬ ಮೂರು ತರಹದ ಶಾಲೆಗಳು. ಹನ್ನೊಂದರ ವಯಸ್ಸಿನ, ನಮ್ಮ ಲೆಕ್ಕದಲ್ಲಿ ಐದನೇ ತರಗತಿ ಮುಗಿಸುವ ಮಗು ಒಂದು ಪರೀಕ್ಷೆ ಬರೆಯಬೇಕು, ಮುಂದಿನ ದಾರಿ ಅದರ ಫಲಿತಾಂಶಕ್ಕೆ ಬಿಟ್ಟದ್ದು. ಸುಮಾರು ಐದರಲ್ಲೊಂದು ಪಾಲು ಮಕ್ಕಳಿಗೆ ಗ್ರಾಮರ್ ಶಾಲೆ, ಬಹುಪಾಲು ಮಿಕ್ಕವರಿಗೆ ಮಾಡರ್ನ್ ಶಾಲೆ. ಮೂರು ಬಗೆಯ ಮನಸ್ಸುಗಳು ಮೂರು ಬಗೆಯ ಕಟ್ಟಡಗಳಿಗೆ ಇಷ್ಟು ಅಚ್ಚುಕಟ್ಟಾಗಿ ಹೊಂದಿಕೊಂಡದ್ದು ವರದಿ ಬರೆದವರಿಗೇ ಆಶ್ಚರ್ಯ ತರಬೇಕಿತ್ತು.

ಲಂಡನ್ ಕೌಂಟಿ ಕೌನ್ಸಿಲ್ ಈ ವಿಂಗಡಣೆಯನ್ನು ಒಪ್ಪಲಿಲ್ಲ. 1934ರಿಂದ ಅಲ್ಲಿ ಲೇಬರ್ ಪಕ್ಷದ ಆಡಳಿತವಿತ್ತು. ಅದರ ಶಿಕ್ಷಣಾಧಿಕಾರಿ ಗ್ರಹಾಂ ಸ್ಯಾವೇಜ್ ಅಮೆರಿಕದ ಹೈಸ್ಕೂಲುಗಳನ್ನು 1920ರ ದಶಕದಲ್ಲೇ ನೋಡಿಬಂದಿದ್ದವರು. ಶಿಕ್ಷಣ ಸಮಿತಿಯಲ್ಲಿದ್ದ ಫೇಬಿಯನ್ ಲೇಖಕಿ ಮಾರ್ಗರೆಟ್ ಕೋಲ್ ಈ ಶಾಲೆಗಳ ಪ್ರಬಲ ಪ್ರತಿಪಾದಕಿ. 1947ರ ಲಂಡನ್ ಶಾಲಾ ಯೋಜನೆ ನಗರದ ಪ್ರೌಢ ಶಿಕ್ಷಣವನ್ನೆಲ್ಲ ಸುಮಾರು 2000 ಮಕ್ಕಳ ದೊಡ್ಡ ಶಾಲೆಗಳಲ್ಲಿ ಒಗ್ಗೂಡಿಸುವ ಚಿತ್ರವನ್ನು ಮುಂದಿಟ್ಟಿತು.

ಈ 2000 ಎಂಬ ಸಂಖ್ಯೆ ಎಲ್ಲಿಂದ ಬಂತೆಂಬುದನ್ನು ಬಿಡಿಸಿ ನೋಡಬೇಕು. ಮುಂದೆ ವಿರೋಧಿಗಳ ಕೈಗೆ ಆಯುಧವಾಗಿ ಸಿಕ್ಕಿದ್ದು ಅದೇ. 15 ತುಂಬಿದ ಕೂಡಲೇ ಹೆಚ್ಚಿನ ಮಕ್ಕಳು ಕೆಲಸಕ್ಕೆ ಹೋಗುತ್ತಿದ್ದ ಕಾಲ ಅದು. 18ರವರೆಗೆ ಓದುವವರಿಗಾಗಿ ಇರುವ ಮೇಲ್ತರಗತಿಗೆ, ಅಂದರೆ 'ಸಿಕ್ಸ್ತ್ ಫಾರ್ಮ್'ಗೆ, ಉಳಿಯುತ್ತಿದ್ದವರು ಬೆರಳೆಣಿಕೆ. ಗಣಿತ, ಲ್ಯಾಟಿನ್, ಭೌತಶಾಸ್ತ್ರಗಳಿಗೆ ಪ್ರತ್ಯೇಕ ಅಧ್ಯಾಪಕರನ್ನು ಇಟ್ಟುಕೊಳ್ಳುವಷ್ಟು ಮಕ್ಕಳು ಆ ತರಗತಿಯಲ್ಲಿ ಇರಬೇಕಾದರೆ ಕೆಳಗಿನ ತರಗತಿಗಳು ತೀರ ದೊಡ್ಡದಾಗಿರಬೇಕು. ಎಲ್ಲ ಮಕ್ಕಳ ಶಾಲೆ ಗ್ರಾಮರ್ ಶಾಲೆಯ ಮೇಲ್ತರಗತಿಗೆ ಸಾಟಿಯಾಗಲೇಬೇಕು ಎಂಬ ಹಟದಿಂದ ಹುಟ್ಟಿದ ಲೆಕ್ಕವಿದು. ಎದುರಾಳಿಯ ಅಳತೆಗೋಲನ್ನೇ ಹಿಡಿದು ಕಟ್ಟಿದ ಶಾಲೆ ಎಂದರೂ ತಪ್ಪಾಗದು. ಮುಂದೆ 15 ದಾಟಿ ಓದುವವರು ಹೆಚ್ಚಿದರು, 1972ರಲ್ಲಿ ಕಡ್ಡಾಯ ವಯಸ್ಸು 16ಕ್ಕೇರಿತು, 2000ದ ಅಗತ್ಯ ತಾನಾಗಿಯೇ ಕರಗಿತು. ಆ ಹೊತ್ತಿಗೆ ಕಾಂಪ್ರೆಹೆನ್ಸಿವ್ ಎಂದರೆ ಕಾರ್ಖಾನೆಯಂಥ ಶಾಲೆ ಎಂಬ ಮಾತು ಜನರ ಬಾಯಲ್ಲಿ ನೆಲೆನಿಂತಿತ್ತು.

ಅಷ್ಟು ದೊಡ್ಡ ಶಾಲೆಗೆ ಜಾಗ ಎಲ್ಲಿ? ಬಾಂಬಿಗೆ ಸಿಕ್ಕಿದ್ದರೂ ಒಳಲಂಡನ್ನಿನಲ್ಲಿ ಬಯಲು ಇರಲಿಲ್ಲ. ಕಿಡ್‌ಬ್ರೂಕ್ ಗ್ರೀನಿಚ್‌ಗೂ ಎಲ್ಥಮ್‌ಗೂ ನಡುವಿನ ಪ್ರದೇಶ. 1895ರಲ್ಲಿ ರೈಲು ಬಂದ ಮೇಲೂ ಬಹುಕಾಲ ಹೊಲಗದ್ದೆಯಾಗಿಯೇ ಉಳಿದು, ಎರಡು ಮಹಾಯುದ್ಧಗಳ ನಡುವೆ ಮನೆಗಳಿಂದ ತುಂಬಿಕೊಂಡ ಉಪನಗರ. ಕೋರೆಲ್ಲಿ ರಸ್ತೆಯಲ್ಲಿ ವಿಶಾಲ ನಿವೇಶನ ಸಿಕ್ಕಿತು. ವಿನ್ಯಾಸ ಸ್ಲೇಟರ್, ಯೂರೆನ್ ಮತ್ತು ಪೈಕ್ ಎಂಬ ವಾಸ್ತುಶಿಲ್ಪ ಸಂಸ್ಥೆಯದು. ಶಾಲೆ ಹುಡುಗಿಯರಿಗೆ ಮಾತ್ರ. ಎಲ್ಲರ ಶಾಲೆ ಎಂಬ ಪ್ರಯೋಗ ಮಕ್ಕಳಲ್ಲಿ ಅರ್ಧದಷ್ಟನ್ನು ಹೊರಗಿಟ್ಟೇ ಶುರುವಾಯಿತು ಎಂಬುದನ್ನು ಆಗ ಯಾರೂ ವಿರೋಧಾಭಾಸವೆಂದು ಎಣಿಸಿದಂತಿಲ್ಲ.

ಜಗಳ ಎದ್ದದ್ದು ಕಟ್ಟಡದ ವಿಷಯಕ್ಕಲ್ಲ. ಕೌನ್ಸಿಲ್ಲಿನ ಯೋಜನೆಯ ಪ್ರಕಾರ ಸುತ್ತಲಿನ ಕೆಲವು ಹುಡುಗಿಯರ ಶಾಲೆಗಳು ಮುಚ್ಚಿ ಕಿಡ್‌ಬ್ರೂಕ್‌ನಲ್ಲಿ ವಿಲೀನವಾಗಬೇಕಿತ್ತು. ಅವುಗಳಲ್ಲೊಂದು ಎಲ್ಥಮ್ ಹಿಲ್ ಗ್ರಾಮರ್ ಶಾಲೆ. 1944ರ ಕಾಯಿದೆಯ 13ನೇ ಸೆಕ್ಷನ್ ಇಲ್ಲಿ ಮುಖ್ಯ. ಸ್ಥಳೀಯ ಶಿಕ್ಷಣ ಪ್ರಾಧಿಕಾರ ಶಾಲೆಯೊಂದನ್ನು ತೆರೆಯಬೇಕಾದರೂ ಮುಚ್ಚಬೇಕಾದರೂ ಪ್ರಸ್ತಾವವನ್ನು ಸಚಿವರಿಗೆ ಕಳಿಸಬೇಕು, ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು. ಆ ಪ್ರದೇಶದ ಹತ್ತು ಮಂದಿ ಮತದಾರರು ಸೇರಿದರೆ ಸಚಿವರಿಗೆ ಆಕ್ಷೇಪಣೆ ಸಲ್ಲಿಸಬಹುದು. ಕೊನೆಯ ಮಾತು ಸಚಿವರದೇ. ಹಣ, ನಿವೇಶನ, ಅಧ್ಯಾಪಕರು ಎಲ್ಲ ಕೌನ್ಸಿಲ್ಲಿನ ಕೈಯಲ್ಲಿದ್ದರೂ ಬೀಗದ ಕೈ ಮಾತ್ರ ವೆಸ್ಟ್‌ಮಿನ್‌ಸ್ಟರ್‌ನಲ್ಲಿತ್ತು.

ಕೌನ್ಸಿಲ್ಲಿಗೆ ಜನಾದೇಶ ಇರಲಿಲ್ಲವೆ? ಇತ್ತು, ಆದರೆ ಅದು ಏರುಪೇರಿನದು. 1949ರ ಚುನಾವಣೆಯಲ್ಲಿ ಲೇಬರ್ ಮತ್ತು ಕನ್ಸರ್ವೇಟಿವ್ ಪಕ್ಷಗಳು ತಲಾ 64 ಸ್ಥಾನ ಗೆದ್ದು, ಮಿಕ್ಕ ಒಂದು ಸ್ಥಾನ ಲಿಬರಲ್ ಪಕ್ಷಕ್ಕೆ ಹೋಗಿತ್ತು. 1952ರಲ್ಲಿ ಲೇಬರ್ ಬಲ 92 ಸ್ಥಾನಗಳಿಗೆ ಏರಿತು. ಅಷ್ಟರಲ್ಲಿ ದೇಶದ ಸರ್ಕಾರ ಬದಲಾಗಿತ್ತು. 1951ರಿಂದ ಶಿಕ್ಷಣ ಸಚಿವೆಯಾಗಿದ್ದವರು ಫ್ಲಾರೆನ್ಸ್ ಹಾರ್ಸ್‌ಬ್ರೂ. ಕನ್ಸರ್ವೇಟಿವ್ ಸಂಪುಟದಲ್ಲಿ ಸ್ಥಾನ ಪಡೆದ ಮೊದಲ ಮಹಿಳೆ. ಕಿಡ್‌ಬ್ರೂಕ್ ತೆರೆಯಬೇಕಿದ್ದ 1954ರಲ್ಲೇ ಅವರು ಎಲ್ಥಮ್ ಹಿಲ್ ಮುಚ್ಚಲು ಅನುಮತಿ ನಿರಾಕರಿಸಿದರು. ಹೊಸ ಬಗೆಯ ಶಾಲೆಯನ್ನು ಪ್ರಯೋಗವಾಗಿ ನಡೆಸಬಹುದು, ಆದರೆ ಚೆನ್ನಾಗಿ ನಡೆಯುತ್ತಿರುವ ಗ್ರಾಮರ್ ಶಾಲೆಯನ್ನು ಅದಕ್ಕಾಗಿ ಬಲಿಕೊಡಲಾಗದು ಎಂಬುದು ಅವರ ನಿಲುವು. ಎಲ್ಥಮ್ ಹಿಲ್‌ನ ಪೋಷಕರ ಪ್ರತಿಭಟನೆಯೂ ಈ ನಿಲುವಿಗೆ ಬಲ ಕೊಟ್ಟಿತು.

ಈ ಆದೇಶದ ಪರಿಣಾಮವನ್ನು ಇತಿಹಾಸಕಾರರು ಪಕ್ಷರಾಜಕೀಯದ ಒಂದು ಪ್ರಸಂಗವೆಂದು ಬರೆದು ಮುಂದೆ ಸಾಗುತ್ತಾರೆ. ಶಾಲೆಯ ಒಳಗಿನಿಂದ ನೋಡಿದರೆ ಅದು ಇನ್ನೂ ದೊಡ್ಡದು. 1954ರ ಸೆಪ್ಟೆಂಬರಿನಲ್ಲಿ ಕಿಡ್‌ಬ್ರೂಕ್ ತೆರೆದಾಗ, ಪರೀಕ್ಷೆಯಲ್ಲಿ ಗೆದ್ದ ಹುಡುಗಿಯರಿಗೆ ಸ್ವಲ್ಪ ದೂರದಲ್ಲೇ ಗ್ರಾಮರ್ ಶಾಲೆಯ ಬಾಗಿಲು ತೆರೆದೇ ಇತ್ತು. ಕೆನೆ ತೆಗೆದ ಹಾಲಿಗೆ ಹಾಲೆಂದೇ ಹೆಸರಿಟ್ಟ ಹಾಗಾಯಿತು. ಗ್ರಾಮರ್ ಶಾಲೆ ಪಕ್ಕದಲ್ಲಿ ಉಳಿದಿರುವ ತನಕ ಕಾಂಪ್ರೆಹೆನ್ಸಿವ್ ಶಾಲೆಯ ಯಶಸ್ಸನ್ನೂ ಸೋಲನ್ನೂ ನ್ಯಾಯವಾಗಿ ಅಳೆಯಲು ಬರುವುದಿಲ್ಲ. 1950–60ರ ದಶಕಗಳಲ್ಲಿ ಈ ಶಾಲೆಗಳ ಫಲಿತಾಂಶ ಹಿಡಿದು ಎರಡೂ ಕಡೆಯವರು ನಡೆಸಿದ ವಾದಗಳ ಬಹುಭಾಗ ಈ ಕಾರಣಕ್ಕೆ ನಿಷ್ಪ್ರಯೋಜಕ ಎಂಬುದು ನನ್ನ ಅಭಿಪ್ರಾಯ.

ಇಂಥ ಸ್ಥಿತಿಯಲ್ಲಿ ಶಾಲೆಯನ್ನು ನಿಲ್ಲಿಸಿದವರು ಮೊದಲ ಮುಖ್ಯೋಪಾಧ್ಯಾಯಿನಿ ಮೇರಿ ಗ್ರೀನ್. ಬ್ರಿಸ್ಟಲ್‌ನ ಹುಡುಗಿಯರ ಶಾಲೆಯೊಂದರಿಂದ ಬಂದ ಅವರು ಸುಮಾರು ಎರಡು ದಶಕ ಕಿಡ್‌ಬ್ರೂಕ್‌ನಲ್ಲಿ ಇದ್ದರು. ಅವರು ಹುದ್ದೆ ವಹಿಸಿಕೊಂಡಾಗ ಇಂಗ್ಲೆಂಡಿನ ಅಧ್ಯಾಪಕಿಯರಿಗೆ ಗಂಡಸರ ಸಮಾನ ಸಂಬಳವೂ ಇರಲಿಲ್ಲ. ಅದು 1955ರಲ್ಲಿ ಆರಂಭವಾಗಿ ಹಂತ ಹಂತವಾಗಿ 1961ಕ್ಕೆ ಪೂರ್ತಿಯಾಯಿತು. ಅಂಥ ಕಾಲದಲ್ಲಿ ಒಬ್ಬ ಮಹಿಳೆಗೆ ಅಷ್ಟು ದೊಡ್ಡ ಸಂಸ್ಥೆಯ ಆಡಳಿತ ಸಿಗುವ ಅವಕಾಶ ಬೇರೆ ಯಾವ ರಂಗದಲ್ಲಿತ್ತು? ದೊಡ್ಡ ಶಾಲೆಯನ್ನು ಬೈಯುವವರೂ ಹೊಗಳುವವರೂ ಈ ಅಂಶವನ್ನು ಗಮನಿಸಿಲ್ಲ. ಗ್ರೀನ್ ಮುಂದೆ ಡೇಮ್ ಪದವಿ ಪಡೆದರು, ಕಾರ್ಮಿಕ ಸಂಘಗಳ ಕುರಿತ ಡೊನೊವನ್ ಆಯೋಗದ (1965–68) ಸದಸ್ಯೆಯಾದರು.

ತತ್ತ್ವ ಒಂದೇ ಸೂರಿನದಾದರೂ ಆ ಸೂರಿನಡಿ ಗೋಡೆಗಳು ಎದ್ದವು. ಲಂಡನ್ನಿನ ಆರಂಭದ ಕಾಂಪ್ರೆಹೆನ್ಸಿವ್ ಶಾಲೆಗಳು ಮಕ್ಕಳನ್ನು ಸಾಮರ್ಥ್ಯದ ಪ್ರಕಾರ ವರ್ಗಗಳಾಗಿ ಹಂಚುವುದನ್ನು ಬಿಡಲಿಲ್ಲ. ಕೌನ್ಸಿಲ್ 1961ರಲ್ಲಿ ಪ್ರಕಟಿಸಿದ 16 ಶಾಲೆಗಳ ಸಮೀಕ್ಷೆಯನ್ನು ಈ ದೃಷ್ಟಿಯಿಂದ ಮತ್ತೆ ಓದುವುದು ಒಳ್ಳೆಯದು. ಮೊದಲು ಮೂರು ಶಾಲೆಗಳ ನಡುವೆ ಇದ್ದ ಅಂತರ ಒಂದೇ ಶಾಲೆಯ ಕೋಣೆಗಳ ನಡುವೆ ಬಂತು ಎನ್ನುವ ಟೀಕೆಯಲ್ಲಿ ಸತ್ಯವಿದೆ. ಆದರೆ ಕೋಣೆ ಬದಲಿಸುವುದು ಶಾಲೆ ಬದಲಿಸುವುದಕ್ಕಿಂತ ಸುಲಭ. ಹನ್ನೊಂದರಲ್ಲಿ ಹಿಂದುಳಿದ ಹುಡುಗಿ ಹದಿನಾಲ್ಕರಲ್ಲಿ ಮುಂದಿನ ವರ್ಗಕ್ಕೆ ದಾಟಬಹುದಿತ್ತು, ಅದಕ್ಕೆ ಸಚಿವರ ಅನುಮತಿ ಬೇಕಿರಲಿಲ್ಲ.

ಮುಂದಿನ ಎರಡು ದಶಕಗಳಲ್ಲಿ ಗಾಳಿ ಕಿಡ್‌ಬ್ರೂಕ್‌ನ ಕಡೆಗೇ ಬೀಸಿತು. 1965ರಲ್ಲಿ ಆಂಥನಿ ಕ್ರಾಸ್‌ಲೆಂಡ್ ಹೊರಡಿಸಿದ ಸುತ್ತೋಲೆ ಎಲ್ಲ ಪ್ರಾಧಿಕಾರಗಳಿಗೂ ಕಾಂಪ್ರೆಹೆನ್ಸಿವ್ ಯೋಜನೆ ಸಲ್ಲಿಸಲು ಕೋರಿತು. 1970ರಲ್ಲಿ ಮಾರ್ಗರೆಟ್ ಥ್ಯಾಚರ್ ಅದನ್ನು ಹಿಂತೆಗೆದುಕೊಂಡರೂ ಅವರ ಕಾಲದಲ್ಲೇ ಇಂಥ ಶಾಲೆಗಳಿಗೆ ದೊಡ್ಡ ಸಂಖ್ಯೆಯಲ್ಲಿ ಒಪ್ಪಿಗೆ ಸಿಕ್ಕಿತು. 1965ರಲ್ಲಿ ಇಂಗ್ಲೆಂಡಿನ ಸರ್ಕಾರಿ ಪ್ರೌಢಶಾಲಾ ಮಕ್ಕಳಲ್ಲಿ ಶೇ. 10ಕ್ಕಿಂತ ಕಡಿಮೆ ಇದ್ದ ಪಾಲು 1980ರ ದಶಕದ ಆರಂಭಕ್ಕೆ ಶೇ. 80 ದಾಟಿತು. ಕೌಂಟಿ ಕೌನ್ಸಿಲ್ 1965ರಲ್ಲಿ ರದ್ದಾದ ಮೇಲೆ ಶಾಲೆಗಳನ್ನು ವಹಿಸಿಕೊಂಡ ಒಳಲಂಡನ್ ಶಿಕ್ಷಣ ಪ್ರಾಧಿಕಾರ 1977ರ ಹೊತ್ತಿಗೆ ಹನ್ನೊಂದರ ಆಯ್ಕೆಯನ್ನು ಕೊನೆಗೊಳಿಸಿತು. 1954ರಲ್ಲಿ ಉಳಿದುಕೊಂಡಿದ್ದ ಎಲ್ಥಮ್ ಹಿಲ್ ಕೂಡ ಕೊನೆಗೆ ಕಾಂಪ್ರೆಹೆನ್ಸಿವ್ ಆಯಿತು.

ಗೆದ್ದ ಮೇಲೆ ಬೇರೆ ತೊಡಕು. ಶಾಲೆಯ ಹತ್ತಿರದಲ್ಲೇ, ಹಿಂದೆ ವಾಯುಪಡೆಯ ನೆಲೆಯಿದ್ದ ಜಾಗದಲ್ಲಿ, 1960ರ ದಶಕದ ಕೊನೆಯಿಂದ ಗ್ರೇಟರ್ ಲಂಡನ್ ಕೌನ್ಸಿಲ್ ಫೆರಿಯರ್ ವಸತಿ ಸಮುಚ್ಚಯ ಕಟ್ಟಿತು. ಕಾಂಕ್ರೀಟಿನ ಗೋಪುರಗಳು, ಸುಮಾರು 1900 ಮನೆಗಳು. ಕೆಲವೇ ವರ್ಷಗಳಲ್ಲಿ ಅದಕ್ಕೆ ಕೆಟ್ಟ ಹೆಸರು ಅಂಟಿತು. ಪರೀಕ್ಷೆಯ ಆಯ್ಕೆ ಹೋದ ಜಾಗದಲ್ಲಿ ವಿಳಾಸದ ಆಯ್ಕೆ ಕುಳಿತಿತು. ನೆರೆಹೊರೆಯ ಮಕ್ಕಳೆಲ್ಲ ಬರುವ ಶಾಲೆ ನೆರೆಹೊರೆಯ ಬಡತನವನ್ನೂ ಬರಮಾಡಿಕೊಳ್ಳಬೇಕು. 1947ರ ಯೋಜಕರು ಮಕ್ಕಳ ಬುದ್ಧಿಯನ್ನು ಬೆರೆಸುವ ಬಗ್ಗೆ ಬಹಳ ಯೋಚಿಸಿದ್ದರು. ವಸತಿ ಇಲಾಖೆ ಪಕ್ಕದಲ್ಲಿ ಏನು ಕಟ್ಟೀತೆಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ಈ ನಡುವೆ ಶಾಲೆ ಹುಡುಗರಿಗೂ ತೆರೆದುಕೊಂಡಿತು. 1988ರ ಶಿಕ್ಷಣ ಸುಧಾರಣಾ ಕಾಯಿದೆ ಒಳಲಂಡನ್ ಪ್ರಾಧಿಕಾರವನ್ನೇ ರದ್ದುಮಾಡಿತು, 1990ರಲ್ಲಿ ಶಾಲೆ ಗ್ರೀನಿಚ್ ಬರೋದ ಸ್ಥಳೀಯ ಕೌನ್ಸಿಲ್ಲಿಗೆ ಸೇರಿತು.

ಊಟದ ಕಥೆ ಇಲ್ಲಿಗೆ ಬಂದು ಸೇರುತ್ತದೆ. ಶಾಲೆಯಲ್ಲಿ ಮಧ್ಯಾಹ್ನದ ಊಟ ಒದಗಿಸುವುದು 1944ರ ಕಾಯಿದೆಯಡಿ ಸ್ಥಳೀಯ ಪ್ರಾಧಿಕಾರದ ಕರ್ತವ್ಯವಾಗಿತ್ತು. 1980ರ ಶಿಕ್ಷಣ ಕಾಯಿದೆ ಆ ಹೊಣೆಯನ್ನು ಬಹುಮಟ್ಟಿಗೆ ಸಡಿಲಿಸಿತು, ಪೌಷ್ಟಿಕತೆಯ ಮಾನದಂಡಗಳನ್ನು ತೆಗೆದುಹಾಕಿತು. 1988ರ ಸ್ಥಳೀಯ ಸರ್ಕಾರ ಕಾಯಿದೆ ಅಡುಗೆಯ ಸೇವೆಯನ್ನು ಟೆಂಡರಿಗೆ ಒಡ್ಡುವುದನ್ನು ಕಡ್ಡಾಯ ಮಾಡಿತು. ಕಡಿಮೆ ಬೆಲೆ ಹೇಳಿದವರಿಗೆ ಗುತ್ತಿಗೆ. ಒಲೆ ಆರಿತು, ಫ್ರೀಜರ್ ಬಂತು. 2005ರ ಫೆಬ್ರವರಿಯಲ್ಲಿ ಚಾನೆಲ್ 4ರಲ್ಲಿ ಪ್ರಸಾರವಾದ ಕಾರ್ಯಕ್ರಮ ತೋರಿಸಿದ್ದು ಇದರ ಫಲವನ್ನು: ಒಂದು ಮಗುವಿನ ಊಟದ ಸಾಮಗ್ರಿಗೆ 37 ಪೆನ್ಸ್. ಆಲಿವರ್ ಜೊತೆ ಜಗಳವಾಡುತ್ತಲೇ ಹೊಸ ಅಡುಗೆ ಕಲಿತ ಶಾಲೆಯ ಮುಖ್ಯ ಅಡುಗೆಯಾಕೆ ನೋರಾ ಸ್ಯಾಂಡ್ಸ್ ದೇಶಕ್ಕೆಲ್ಲ ಪರಿಚಿತರಾದರು. ಶಾಲಾ ಊಟ ಸುಧಾರಿಸಬೇಕೆಂದು ಆಲಿವರ್ ಹೂಡಿದ ಅರ್ಜಿಗೆ 2,71,677 ಸಹಿಗಳು ಬಿದ್ದವು. ಅದು ಪ್ರಧಾನಿ ಕಚೇರಿ ತಲುಪಿದ ಮಾರ್ಚ್ ತಿಂಗಳಲ್ಲೇ ಟೋನಿ ಬ್ಲೇರ್ ಸರ್ಕಾರ ಶಾಲಾ ಊಟಕ್ಕೆ 28 ಕೋಟಿ ಪೌಂಡ್ ಘೋಷಿಸಿತು.

ಅರ್ಥಶಾಸ್ತ್ರಜ್ಞರಾದ ಮಿಶೆಲ್ ಬೆಲೊ ಮತ್ತು ಜೊನಾಥನ್ ಜೇಮ್ಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಗ್ರೀನಿಚ್‌ನ ಪ್ರಾಥಮಿಕ ಶಾಲೆಗಳನ್ನು ನೆರೆಯ ಪ್ರಾಧಿಕಾರಗಳ ಶಾಲೆಗಳೊಂದಿಗೆ ಹೋಲಿಸಿತು. ಊಟ ಬದಲಾದ ಮೇಲೆ ಇಂಗ್ಲಿಷ್ ಮತ್ತು ವಿಜ್ಞಾನದ ಫಲಿತಾಂಶ ಸುಧಾರಿಸಿದ್ದನ್ನೂ ಅನುಮತಿ ಪಡೆದ ಗೈರುಹಾಜರಿ ಸುಮಾರು ಶೇ. 14ರಷ್ಟು ಇಳಿದದ್ದನ್ನೂ ಅದು ಗುರುತಿಸಿತು. ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೌನ್ಸಿಲ್ಲಿನ ಸಾಮಾನ್ಯ ಕರ್ತವ್ಯವಾಗಿದ್ದ ಕೆಲಸವನ್ನು ಮತ್ತೆ ಮಾಡಿಸಲು ಜನಪ್ರಿಯ ಬಾಣಸಿಗನೂ ಕ್ಯಾಮೆರಾವೂ ಏಕೆ ಬೇಕಾದವು? ನಮ್ಮಲ್ಲಿ ಶಾಲೆಯ ಬೇಯಿಸಿದ ಊಟವನ್ನು ರಾಜ್ಯ ಸರ್ಕಾರಗಳ ಹೊಣೆಯಾಗಿಸಿದ್ದು 2001ರ ಸುಪ್ರೀಂ ಕೋರ್ಟಿನ ಆದೇಶ. ಇಂಗ್ಲೆಂಡಿನಲ್ಲಿ ಇದ್ದ ಹೊಣೆಯನ್ನು ಸಂಸತ್ತೇ ಸಡಿಲಿಸಿತ್ತು, ಅದರ ಜಾಗವನ್ನು ಟಿವಿ ತುಂಬಿತು.

ಶಾಲೆಯ ಹೆಸರು ಹೋದದ್ದು 2010ರ ದಶಕದಲ್ಲಿ. ಅಕಾಡೆಮಿಗಳ ಕಾಯಿದೆ ಬಂದ ಮೇಲೆ ಶಾಲೆಯ ಆಡಳಿತ ಮಂಡಳಿ ಸ್ಥಳೀಯ ಕೌನ್ಸಿಲ್ಲನ್ನು ಬಿಟ್ಟು ನೇರವಾಗಿ ಕೇಂದ್ರ ಸಚಿವರೊಂದಿಗೆ ಅನುದಾನದ ಒಪ್ಪಂದ ಮಾಡಿಕೊಳ್ಳಬಹುದಾಯಿತು. ಕಿಡ್‌ಬ್ರೂಕ್ ಮೊದಲು ಕೋರೆಲ್ಲಿ ಕಾಲೇಜ್ ಆಯಿತು. ನಂತರ ಪಕ್ಕದ ಕೆಂಟ್ ಮೂಲದ ಲೀ ಅಕಾಡೆಮೀಸ್ ಟ್ರಸ್ಟ್ ಅದನ್ನು ವಹಿಸಿಕೊಂಡಿತು, ಧೂಮಕೇತುವಿನ ಹ್ಯಾಲಿಯ ಹೆಸರಿನಲ್ಲಿ ಹ್ಯಾಲಿ ಅಕಾಡೆಮಿ ಎಂದು ಕರೆಯಿತು. ಗ್ರೀನಿಚ್ ಖಗೋಳಾಲಯದ ಮುಖ್ಯಸ್ಥನಾಗಿದ್ದ ಹ್ಯಾಲಿಯ ಸಮಾಧಿ ಹತ್ತಿರದ ಲೀ ಎಂಬಲ್ಲೇ ಇದೆ, ಹೆಸರಿಗೆ ಸ್ಥಳೀಯ ನೆಪ ಇಲ್ಲವೆನ್ನಲಾಗದು. ಫೆರಿಯರ್ ಸಮುಚ್ಚಯವನ್ನೂ ಕೆಡವಿ ಆ ಜಾಗದಲ್ಲಿ ಕಿಡ್‌ಬ್ರೂಕ್ ವಿಲೇಜ್ ಎಂಬ ಖಾಸಗಿ ಬಡಾವಣೆ ಎದ್ದಿದೆ.

1954ರಲ್ಲಿ ಸಚಿವೆ ಕೌನ್ಸಿಲ್ಲಿನ ಪ್ರಸ್ತಾವವನ್ನು ತಡೆದದ್ದು ಪ್ರಜಾಪ್ರಭುತ್ವಕ್ಕೆ ಆದ ಅಡ್ಡಿಯೆಂದು ಲೇಬರ್ ಪಕ್ಷದವರು ಆಗ ಗುಡುಗಿದ್ದರು. ಈಗ ನೋಡಿದರೆ ಆ ವ್ಯವಸ್ಥೆಯೇ ವಾಸಿ. ಪ್ರಕಟಣೆ ಹೊರಡುತ್ತಿತ್ತು, ಹತ್ತು ಮತದಾರರಿಗೆ ಆಕ್ಷೇಪಿಸುವ ಹಕ್ಕಿತ್ತು, ಚುನಾಯಿತ ಕೌನ್ಸಿಲ್ ಒಂದು ಕಡೆ, ಸಂಸತ್ತಿಗೆ ಉತ್ತರ ಕೊಡಬೇಕಾದ ಸಚಿವೆ ಇನ್ನೊಂದು ಕಡೆ. ಎಲ್ಥಮ್ ಹಿಲ್‌ನ ಪೋಷಕರು ಗೆದ್ದದ್ದು ಆ ಹಕ್ಕಿನ ಬಲದಿಂದ. ಟ್ರಸ್ಟ್ ಮತ್ತು ಸಚಿವರ ನಡುವಿನ ಒಪ್ಪಂದದಲ್ಲಿ ಊರಿನವರು ಪಕ್ಷಗಾರರಲ್ಲ. ಮುಚ್ಚಿಹೋಗಬೇಕಿದ್ದ ಎಲ್ಥಮ್ ಹಿಲ್ ಇಂದು ಎಲ್ಲ ಮಟ್ಟದ ಹುಡುಗಿಯರಿಗೂ ತೆರೆದ ಶಾಲೆಯಾಗಿ ಹಳೆಯ ಹೆಸರಿನಲ್ಲೇ ನಡೆಯುತ್ತಿದೆ. ಇನ್ನು ಹನ್ನೊಂದರ ಪರೀಕ್ಷೆ: ಇಂಗ್ಲೆಂಡಿನಲ್ಲಿ 163 ಗ್ರಾಮರ್ ಶಾಲೆಗಳು ಈಗಲೂ ಉಳಿದಿವೆ. ಕಿಡ್‌ಬ್ರೂಕ್‌ನಿಂದ ರೈಲಿನಲ್ಲಿ ನಾಲ್ಕನೇ ನಿಲ್ದಾಣವಾದ ಬೆಕ್ಸ್‌ಲಿಹೀತ್ ಇರುವ ಬೆಕ್ಸ್‌ಲಿ ಬರೋದಲ್ಲೇ ಅಂಥವು ನಾಲ್ಕಿವೆ, ಅವುಗಳ ಆಯ್ಕೆ ಪರೀಕ್ಷೆಯನ್ನು ಗ್ರೀನಿಚ್‌ನ ಮಕ್ಕಳೂ ಬರೆಯಬಹುದು.